ದಿಬ್ಬದ ಮಣ್ಣು

ಹಳೆಯ ಮಣ್ಣುಕೋಟೆಯ ಕಂದಕದಲ್ಲಿ ಆಳುದ್ದ ಅಗೆದಾಗ ಸಿಕ್ಕ ತಲೆಬುರುಡೆ ಬಲಗಿವಿಯ ಮೇಲಿಂದ ದವಡೆಯವರೆಗೆ ಸೀಳಿತ್ತು. ಅಗೆತದ ಉಸ್ತುವಾರಿ ಮಿಸ್ ಲಮ್ಲಿಗೆ ಖುಷಿಯೋ ಖುಷಿ. ಕತ್ತಿಯ ಏಟು, ಹೊಡೆದವನು ಎಡಚ, ಸತ್ತವನು ಎಂಟುನೂರು ವರ್ಷದ ಹಿಂದಿನ ಸೈನಿಕ ಎಂದು ಒಂದೇ ಉಸಿರಿಗೆ ಹೇಳಿದಳು. ಅವಳ ಲೆಕ್ಕ ಸರಳ. ಹೆಣದ ಮೇಲಿದ್ದದ್ದು ಕೋಟೆಯ ದಿಬ್ಬದ ಮಣ್ಣು, ಅದರ ತುಂಬ ಆ ಕಾಲದ ಮಡಕೆಚೂರು. ಮೇಲಿನದೇ ಅಷ್ಟು ಹಳೆಯದಾದರೆ ಕೆಳಗಿನದು ಇನ್ನೂ ಹಳೆಯದು.

ದಂಡೆಯ ಮೇಲಿದ್ದ ಅಪ್ಪ ಹೌದೌದೆಂದು ತಲೆಯಾಡಿಸಿದ. ಬೇಲಿ ಸವರುವ ಮಚ್ಚು ಎಂದಿನಂತೆ ಅವನ ಎಡಗೈಯಲ್ಲೇ ಇತ್ತು.

ಈ ಬೇಸಿಗೆಯ ಬಿಸಿಲಿಗೆ ವೇಲ್ಸ್ ಗಡಿಯ ಹುಲ್ಲೆಲ್ಲ ಸುಟ್ಟು, ನಮ್ಮ ಹೊಲದಲ್ಲಿ ಕಂದಕವಿದ್ದಷ್ಟು ಜಾಗ ಮಾತ್ರ ಹಸಿರು ಬಳೆಯಂತೆ ಉಳಿದಿತ್ತು. ವಿಮಾನದಿಂದ ಅದನ್ನು ಕಂಡು ಬಂದವರಿಗೆ ಅಪ್ಪ, ದಿಬ್ಬ ಕೋಟೆಯ ಕಾಲದಲ್ಲೇ ಕಂದಕಕ್ಕೆ ಕುಸಿದದ್ದು ಎಂದಿದ್ದ. ಅಪ್ಪಟ ಸುಳ್ಳು. ನನಗೆ ಹದಿನಾಲ್ಕಾಗಿದ್ದಾಗ ಅವನೇ ಬುಲ್‌ಡೋಜರ್ ತಂದು ಮೂರು ದಿನ ದಿಬ್ಬವನ್ನು ಕಂದಕಕ್ಕೆ ನೂಕಿದ್ದ. ಅದರ ಹಿಂದಿನ ದಿನವೇ ಅಣ್ಣ ಇಥೆಲ್ ಆಸ್ಟ್ರೇಲಿಯಾಕ್ಕೆ ಹೋದನೆಂದಿದ್ದ. ಹೇಳದೆ ಯಾಕೆ ಹೋದ ಎಂದು ಕೇಳಿದ ಅಮ್ಮನ ಮುಖವನ್ನು ಒಲೆಯ ಅಂಚಿಗೆ ಬಡಿದ. ಎರಡು ಹಲ್ಲು ನಾನೇ ಗುಡಿಸಿ ಹಾಕಿದೆ. ನಮ್ಮದು ಒಂಟಿಮನೆ, ಆಮೇಲೆ ಯಾರೂ ದಿಬ್ಬದ ಸುದ್ದಿ ಎತ್ತಲಿಲ್ಲ. ಹದಿನೆಂಟು ವರ್ಷ ಅಂಚೆಯವನ ದಾರಿ ಕಾಯ್ದ ಅಮ್ಮ ಹೋದ ಚಳಿಗಾಲ ಸತ್ತಳು.

ಕೂಲಿಗೆ ಅಗೆಯುತ್ತಿದ್ದ ನಾನು ಎಡಗೈಯ ಮೂಳೆಗಳನ್ನು ಬಿಡಿಸಿದೆ. ಕಿರುಬೆರಳಿಗೆ ಒಂದೇ ಗೆಣ್ಣು, ತುದಿ ಹಳೆಯ ಗಾಯ ಮಾಯ್ದಂತೆ ದುಂಡಗಿತ್ತು. ಕುರಿಗಳಿಗೆ ಗೆಡ್ಡೆ ಹೆಚ್ಚುವ ಯಂತ್ರಕ್ಕೆ ಇಥೆಲ್ ಬೆರಳು ಕೊಟ್ಟಾಗ ಬಟ್ಟೆ ಸುತ್ತಿದವಳು ನಾನು.

“ಮೇಲ್ ಬಾ ಮಬ್ಲಿ,” ಎಂದ ಅಪ್ಪ. “ಕುರಿಗೆ ನೀರಿಟ್ಟಿಲ್ಲ.”

“ಇವ್ನು ಆಸ್ಟ್ರೇಲಿಯಾಕ್ಕೆ ಹೋಗ್ಲೇ ಇಲ್ವಲ್ಲಪ್ಪ.”

ಅವನು ಕಂದಕಕ್ಕೆ ಧುಮುಕಿದ. ಅಡ್ಡ ಬಂದ ಮಿಸ್ ಲಮ್ಲಿಯ ಭುಜಕ್ಕೆ ಮಚ್ಚು ಕಚ್ಚಿ, ಅವಳು ಮೂಳೆಗಳ ನಕ್ಷೆ ಬಿಡಿಸುತ್ತಿದ್ದ ಹಾಳೆಯ ಮೇಲೆಲ್ಲ ರಕ್ತ ಚಿಮ್ಮಿತು. ಅವನು ಮಚ್ಚು ಕಿತ್ತು ನನ್ನ ಕಡೆ ತಿರುಗುವಷ್ಟರಲ್ಲಿ ನಾನು ಗುದ್ದಲಿಯ ಹಿಂಬದಿಯಿಂದ ಆ ಎಡ ಮಣಿಕಟ್ಟಿಗೆ ಬಾರಿಸಿದೆ. ಮೂಳೆ ಮುರಿದ ಸದ್ದು ಕೇಳಿಸಿತು. ಇನ್ನೊಂದೇಟು ಮಂಡಿಗೆ. ಅವನು ಇಥೆಲನ ಪಕ್ಕದಲ್ಲೇ ಬಿದ್ದ. ಮೂರನೆಯದಕ್ಕೆ ಅವನ ತಲೆಯ ಮೇಲೆ ಗುದ್ದಲಿ ಎತ್ತಿದೆ. ಕೊಲ್ಲುವ ಮನಸ್ಸು ಪೂರಾ ಇತ್ತು.

“ನಿಮ್ಮವ್ವಂಗೆ ಹೊಡೀಬೇಡ ಅಂತ ನನ್ ಕೈ ಹಿಡ್ದ ಕಣೇ,” ಎಂದು ಅಪ್ಪ ನರಳಿದ. “ಅಪ್ಪನ್ ಕೈ ಹಿಡಿಯೋನು ಎಂಥಾ ಮಗ?”

ಗುದ್ದಲಿ ಇಳಿಸಿದೆ. ಅಂಗಿ ಬಿಚ್ಚಿ ಮಿಸ್ ಲಮ್ಲಿಯ ಭುಜಕ್ಕೆ ಬಿಗಿದು ಕಟ್ಟಿದೆ. ಅವಳು ನಡುಗುತ್ತ, ಈ ಮಣ್ಣು ಇಲ್ಲಿ ಬಿದ್ದದ್ದು ಯಾವಾಗ ಎಂದು ಕೇಳಿದಳು.

“ಹತ್ತೊಂಬತ್ತು ವರ್ಷ ಆಯ್ತು,” ಎಂದೆ. “ಅಣ್ಣ ಹೋದ ಅಂದ ಮಾರನೇ ದಿನಾನೇ ಅಪ್ಪ ನೂಕಿದ್ದು, ನಂಗೆ ಗೊತ್ತಿತ್ತು. ಅವ್ವ ಬದ್ಕಿದ್ದಾಗ್ಲೇ ಹೇಳ್ಬೇಕಿತ್ತು.”