ಕುಶನ್ ಮಾಮ

"ಈ ಮಗು ನಿಮಗೇನಾಗ್ಬೇಕು?"

ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡ ಯುವಕನೊಬ್ಬ ದಾರಿಗಡ್ಡ ನಿಂತು ಹಾಗೆ ಕೇಳಿದಾಗ, ಅದು ತನ್ನನ್ನೇ ಕೇಳಿದ್ದು ಎಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ಮಧ್ಯಾಹ್ನದ ಬಸ್ ನಿಲ್ದಾಣ, ಕಾಲಿಡಲು ಜಾಗವಿಲ್ಲದಷ್ಟು ಜನ. ಅವನ ಒಂದು ಕೈಯಲ್ಲಿ ಒದ್ದೆ ಫ್ರಾಕು ತುಂಬಿದ ಪ್ಲಾಸ್ಟಿಕ್ ಚೀಲ, ಇನ್ನೊಂದು ಕೈಯಲ್ಲಿ ಹುಡುಗಿಯ ಮಣಿಕಟ್ಟು. ಅವನ ಮೈಮೇಲೆ ಬರೀ ಬನಿಯನ್ನು. ಅಂಗಿ ಹುಡುಗಿಯ ಮೈಮೇಲಿತ್ತು. ತೋಳುಗಳು ಬೆರಳು ದಾಟಿ ಜೋತುಬಿದ್ದಿದ್ದವು, ಕೆಳಗಿನ ಅಂಚು ಮೊಣಕಾಲು ಮುಚ್ಚಿತ್ತು. ಏಳು ವರ್ಷದ ಆ ಹುಡುಗಿ ಗೋಳೋ ಎಂದು ಅಳುತ್ತಿದ್ದಳು.

"ಮಗಳು," ಎಂದ ಅವನು. "ಯಾಕೆ?"

"ಇಲ್ಲ, ಸುಮ್ನೆ ಕೇಳ್ದೆ. ತುಂಬಾ ಅಳ್ತಿದಾಳಲ್ಲ."

"ಬಸ್ಸಲ್ಲಿ ವಾಂತಿ ಮಾಡ್ಕೊಂಡ್ಳು. ಈಗ ಐಸ್ ಕ್ಯಾಂಡಿ ಬೇಕಂತೆ. ಬೇಡ ಅಂದಿದ್ದಕ್ಕೆ ಈ ರಂಪ."

ನಡೆದದ್ದೂ ಅಷ್ಟೇ. ಅಜ್ಜಿಯ ಮನೆಯಲ್ಲಿ ರಜೆ ಕಳೆದ ಹುಡುಗಿಯನ್ನು ಕರೆತರಲು ಅವನು ಬೆಳಿಗ್ಗೆಯೇ ಹೊರಟಿದ್ದ. ವಾಪಸು ಬರುವಾಗ ಅರ್ಧ ದಾರಿಯಲ್ಲಿ ಅವಳ ಮುಖ ಬಿಳಿಚಿಕೊಂಡಿತು. ಕಿಟಕಿ ತೆಗೆಯುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಬೊಗಸೆ ಒಡ್ಡಿ ಹಿಡಿದಷ್ಟು ಹಿಡಿದ, ಉಳಿದದ್ದು ಫ್ರಾಕಿನ ಪಾಲಾಯಿತು. ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದರು. ಅವನಿಗೇನೂ ಅಸಹ್ಯ ಅನಿಸಲಿಲ್ಲ. ಹಳೆಯ ಸೋಫಾಗಳ ಹೊಟ್ಟೆ ಬಗೆದು ಇಲಿಯ ಹಿಕ್ಕೆ, ಸತ್ತ ಜಿರಳೆ, ಕೊಳೆತ ಫೋಮು ತೆಗೆಯುವುದೇ ಅವನ ದಿನನಿತ್ಯದ ಕೆಲಸ. ನಿಲ್ದಾಣಕ್ಕೆ ಬಂದಿಳಿದವನೇ ಹೆಂಗಸರ ಶೌಚಾಲಯದ ಬಾಗಿಲಲ್ಲಿ ಕೂತಿದ್ದ ಆಯಾಳ ಕೈಗೆ ತನ್ನ ಅಂಗಿ ಬಿಚ್ಚಿ ಕೊಟ್ಟು, "ಮಗೂನ ಸ್ವಲ್ಪ ತೊಳೆದು ಇದನ್ನ ಹಾಕಿ ಕಳಿಸಿಯಮ್ಮ," ಎಂದು ಕೇಳಿಕೊಂಡಿದ್ದ. ಆಕೆ ಗೊಣಗಿಕೊಂಡೇ ಒಳಗೆ ಕರೆದೊಯ್ದಿದ್ದಳು.

ಯುವಕ ದಾರಿ ಬಿಡಲಿಲ್ಲ. ಬಗ್ಗಿ ಹುಡುಗಿಯನ್ನೇ ಕೇಳಿದ: "ಪುಟ್ಟಾ, ಇವರು ನಿನ್ನ ಅಪ್ಪನಾ?"

ಹುಡುಗಿ ಅಳು ನಿಲ್ಲಿಸಿ ಅವನನ್ನು ನೋಡಿದಳು. ಕ್ಯಾಂಡಿಯ ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಇತ್ತು. ಆದರೆ ಸಿಟ್ಟಿಲ್ಲದಿದ್ದರೂ ಅವಳು ಅದನ್ನೇ ಹೇಳುತ್ತಿದ್ದಳೇನೋ.

"ಅಲ್ಲ," ಎಂದಳು.

"ಮತ್ತೆ ಯಾರು?"

"ಕುಶನ್ ಮಾಮ."

ಅವಳ ಅಮ್ಮನನ್ನು ಅವನು ಮದುವೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅದಕ್ಕೂ ಮೊದಲು ಅಜ್ಜಿಯ ಮನೆಯ ಹಳೆಯ ಸೋಫಾ ರಿಪೇರಿಗೆ ಹೋಗಿದ್ದಾಗ ಇಟ್ಟ ಹೆಸರು ಅದು. ಬಿಚ್ಚಿದ ಸ್ಪ್ರಿಂಗುಗಳ ಮೇಲೆ ಕೂತು ಕುಪ್ಪಳಿಸುತ್ತ ಅವಳು ಹಾಗೆ ಕರೆದಿದ್ದಳು. ಮದುವೆಯಾದ ಮೇಲೆ "ಅಪ್ಪ ಅನ್ನು" ಎಂದು ಅವಳಮ್ಮ ತಿದ್ದಲು ಹೋದಾಗ ಅವನೇ ತಡೆದಿದ್ದ. ಬಾಯಿಗೆ ತಾನಾಗಿ ಬಂದಾಗ ಬರಲಿ ಎಂದಿದ್ದ. ಆ ಹೆಸರು ಈಗ ಈ ಜನರ ನಡುವೆ ಬಿದ್ದಾಗ ಅವನ ಕಿವಿಗೇ ಕೆಟ್ಟದಾಗಿ ಕೇಳಿಸಿತು.

"ಕುಶನ್ ಮಾಮ ಅಂತೆ," ಎಂದು ಯಾರೋ ಹಿಂದಿನಿಂದ ನಕ್ಕರು. ಸುತ್ತ ಆಗಲೇ ಗುಂಪು ಕಟ್ಟಿತ್ತು.

"ನೀನು ಮಗಳು ಅಂದೆಯಲ್ಲ?" ಎಂದ ಯುವಕ. ನಿಮಿಷದ ಹಿಂದೆ ನೀವು ಎಂದವನು ಎಷ್ಟು ಸಲೀಸಾಗಿ ನೀನು ಎನ್ನಲು ಶುರುಮಾಡಿದ್ದ.

"ನನ್ನ ಹೆಂಡ್ತಿ ಮಗಳು. ಬೇಕಾದ್ರೆ ಆ ಆಯಾನ ಕೇಳಿ. ಬಟ್ಟೆ ಬದಲಾಯಿಸಿದ್ದು ಅವರೇ."

ಶೌಚಾಲಯದ ಬಾಗಿಲಿನಿಂದ ಆಯಾಳನ್ನು ಕರೆತಂದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಎಲ್ಲರ ಮುಖ ನೋಡಿದಳು. "ನಂಗೇನ್ ಗೊತ್ತಪ್ಪ. ಅಂಗಿ ಕೊಟ್ರು, ಹಾಕಿದೆ. ಯಾರ ಮಗುವೋ ಏನೋ. ನನ್ನನ್ನ ಇದಕ್ಕೆಲ್ಲ ಎಳೀಬೇಡಿ." ಅಷ್ಟು ಹೇಳಿ ಹೋಗಿಬಿಟ್ಟಳು. ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ.

ಆಗ ಕೆಂಪು ಬ್ಯಾಗಿನ ಹೆಂಗಸೊಬ್ಬಳು ಮುಂದೆ ಬಂದು ಹುಡುಗಿಯನ್ನು ಅವನ ಕೈಯಿಂದ ಬಿಡಿಸಿ ತನ್ನತ್ತ ಎಳೆದುಕೊಂಡಳು. ಹುಡುಗಿ ಕಿಟಾರನೆ ಚೀರಿದಳು. "ನೋಡಿ, ಎಷ್ಟು ಹೆದರಿಸಿಟ್ಟಿದಾನೆ," ಎಂದಳು ಹೆಂಗಸು. ಆಮೇಲೆ ಮಂಡಿಯೂರಿ ಕೂತು ದನಿ ತಗ್ಗಿಸಿದಳು. ಆದರೂ ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಇತ್ತು ಆ ದನಿ.

"ಆಂಟಿ ಹತ್ರ ಹೇಳ್ಬಹುದು ಕಂದಾ. ಇವನು ನಿನ್ನನ್ನ ಮುಟ್ಟಿದ್ನಾ? ಎಲ್ಲಿ ಮುಟ್ಟಿದ, ತೋರ್ಸು."

ಹುಡುಗಿ ಬಿಕ್ಕುತ್ತ ಹೊಟ್ಟೆ ತೋರಿಸಿದಳು. "ಇಲ್ಲಿ ಸವರಿದ್ರು."

ಬಸ್ಸಿನಲ್ಲಿ ಹೊಟ್ಟೆ ತೊಳೆಸುತ್ತಿದೆ ಎಂದು ಅವಳೇ ಅವನ ಕೈ ಎಳೆದು ಇಟ್ಟುಕೊಂಡಿದ್ದಳು. ಗುಂಪಿನಿಂದ ಚ್ಚ್ ಚ್ಚ್ ಎಂಬ ಸದ್ದು ಎದ್ದಿತು.

"ಆಮೇಲೆ?" ಎಂದಳು ಹೆಂಗಸು.

ಆ 'ಆಮೇಲೆ'ಯಲ್ಲಿ ಕನಿಕರವಿರಲಿಲ್ಲ, ಹಸಿವಿತ್ತು. ಅವಳ ಬಾಯಲ್ಲಿ ಚೂಯಿಂಗ್ ಗಮ್ ಇತ್ತು. ಮಗುವಿನ ಉತ್ತರಕ್ಕೆ ಕಾಯುತ್ತ ಜಗಿಯುವುದನ್ನೇ ಮರೆತು ತುಟಿ ಅರೆತೆರೆದುಕೊಂಡಿದ್ದಳು. ಸುತ್ತ ನೋಡಿದ. ಎಲ್ಲರ ಕತ್ತೂ ಮುಂದಕ್ಕೆ ಚಾಚಿತ್ತು. ಎತ್ತಿ ಹಿಡಿದ ಮೊಬೈಲುಗಳ ಹಿಂದೆ ಎಲ್ಲರೂ ಒಂದು ಮಾತಿಗಾಗಿ ಕಾದಿದ್ದರು. ಆ ಮಾತು ಬರದಿದ್ದರೆ ಇವರಿಗೆಲ್ಲ ಬೇಜಾರಾಗುತ್ತದೆ ಎಂದು ಅವನಿಗೆ ಗೊತ್ತಾಯಿತು.

"ಥೂ," ಎಂದ. "ನಿಮಗೆ ನಾಚಿಕೆ ಆಗಲ್ವಾ, ಮಗು ಹತ್ರ ಇಂಥದ್ದೆಲ್ಲ ಕೇಳೋಕೆ."

ಮೊದಲ ಏಟು ಎಲ್ಲಿಂದ ಬಂತೋ ಕಾಣಲಿಲ್ಲ. ಎರಡನೆಯದು ಹೆಲ್ಮೆಟ್ಟಿನದು, ಭುಜಕ್ಕೆ. ಕೆನ್ನೆಯ ಮೇಲೆ ಯಾರದೋ ಉಗುಳು ಬೆಚ್ಚಗೆ ಇಳಿಯಿತು. ವಾಂತಿಯನ್ನು ಬೊಗಸೆಯಲ್ಲಿ ಹಿಡಿದವನಿಗೆ ಆ ಉಗುಳನ್ನು ಮುಟ್ಟಿ ಒರೆಸಿಕೊಳ್ಳಲಾಗಲಿಲ್ಲ. ಅದು ಗದ್ದದವರೆಗೆ ಹರಿದು ಬನಿಯನ್ನಿನ ಮೇಲೆ ತೊಟ್ಟಿಕ್ಕಿತು.

ನಿಲ್ದಾಣದ ಮೂಲೆಯಲ್ಲಿದ್ದ ಪೊಲೀಸ್ ಚೌಕಿಗೆ ಅವನನ್ನು ತಳ್ಳಿಕೊಂಡೇ ಹೋದರು. ಒಂದು ಮೇಜು, ಒಂದು ಫ್ಯಾನು, ರೆಕ್ಸಿನ್ ಹರಿದ ಒಂದು ಬೆಂಚು. ಹುಡುಗಿಯನ್ನು ಕೆಂಪು ಬ್ಯಾಗಿನವಳ ಪಕ್ಕ ಕೂರಿಸಿದರು. ಯಾರೋ ಅವಳ ಕೈಗೆ ಐಸ್ ಕ್ಯಾಂಡಿ ಕೊಟ್ಟಿದ್ದರು.

"ಹೆಂಡ್ತಿಗೆ ಫೋನ್ ಮಾಡು," ಎಂದ ಪೊಲೀಸಿನವನು.

"ಗಾರ್ಮೆಂಟ್ಸಲ್ಲಿ ಕೆಲಸ, ಸಾರ್. ಫೋನೆಲ್ಲ ಗೇಟಲ್ಲೇ ಇಸ್ಕೊಂಡಿರ್ತಾರೆ."

"ಎಲ್ಲದಕ್ಕೂ ಒಂದೊಂದು ಉತ್ತರ ಇಟ್ಕೊಂಡಿದೀಯ. ಫೋಟೋ ಏನಾದ್ರೂ ಇದ್ಯಾ? ಕೊಡಿಲ್ಲಿ."

ಪೊಲೀಸಿನವನು ಅವನ ಮೊಬೈಲಿನ ಚಿತ್ರಗಳನ್ನು ಬೆರಳಿನಿಂದ ಸರಿಸುತ್ತ ಹೋದ. ಸೋಫಾ, ಕುರ್ಚಿ, ಮತ್ತೆ ಸೋಫಾ, ಕಾಲು ಮುರಿದ ದಿವಾನ್ ಮಂಚ, ಬಣ್ಣ ಬಣ್ಣದ ಬಟ್ಟೆಯ ತುಂಡುಗಳು. "ಬರೀ ಸೋಫಾನೇ ಇದೆಯಲ್ಲಯ್ಯ," ಎಂದ. ಬಾಗಿಲಲ್ಲಿ ಇಣುಕುತ್ತಿದ್ದವರು ನಕ್ಕರು. ಮತ್ತೊಂದಷ್ಟು ಸರಿಸಿ ಬೆರಳು ನಿಲ್ಲಿಸಿದ. ಹೊಸ ಹಸಿರು ಸೋಫಾದ ಮೇಲೆ ಹುಡುಗಿ ತಲೆಕೆಳಗಾಗಿ ಕಾಲೆತ್ತಿ ನಗುತ್ತಿದ್ದಳು. "ಮಗು ಒಂದೇ ಇರೋ ಫೋಟೋ ಯಾಕಿಟ್ಕೊಂಡಿದೀಯ?"

ಅದಕ್ಕೆ ಉತ್ತರ ಬೇಕಾಗುತ್ತದೆಂದು ಆವರೆಗೆ ಅವನಿಗೆ ಗೊತ್ತೇ ಇರಲಿಲ್ಲ. ಮದುವೆಯ ಚಿತ್ರ ಎಲ್ಲೋ ಕೆಳಗಿತ್ತು. ಅದು ಸಿಕ್ಕ ಮೇಲೆ ಪೊಲೀಸಿನವನು ಅರೆಮನಸ್ಸಿನಿಂದ ಕಾರ್ಖಾನೆಯ ಗೇಟಿಗೆ ಫೋನ್ ಹಚ್ಚಿದ.

ಹೆಂಡತಿ ಆಟೋದಲ್ಲಿ ಓಡಿಬಂದಾಗ ಅವಳ ಕೂದಲ ತುಂಬ ನೂಲಿನ ಎಳೆಗಳಿದ್ದವು. ಹುಡುಗಿ "ಅಮ್ಮಾ" ಎಂದು ಹೋಗಿ ಅಪ್ಪಿಕೊಂಡಳು. "ಇವರು ನನ್ನ ಯಜಮಾನ್ರು," ಎಂದು ಹೆಂಡತಿ ಏದುಸಿರಿನಲ್ಲಿ ಹೇಳಿದ್ದೇ ಚೌಕಿಯ ಗಾಳಿ ಬದಲಾಯಿತು. ಬಾಗಿಲಲ್ಲಿದ್ದವರು ಮುಖ ಸಪ್ಪಗೆ ಮಾಡಿಕೊಂಡು ಕರಗಿದರು. ಕೆಂಪು ಬ್ಯಾಗಿನವಳಿಗೆ ತನ್ನ ಬಸ್ಸು ನೆನಪಾಯಿತು.

ಯುವಕ ಮಾತ್ರ ಹೋಗಲಿಲ್ಲ. ಬೆವರಿದ ಅಂಗೈಯಿಂದ ಅವನ ಕೈ ಹಿಡಿದು ಕುಲುಕಿದ. "ತಪ್ಪು ತಿಳ್ಕೋಬೇಡಿ ಸಾರ್. ಕಾಲ ಹಾಗಿದೆ. ನಿಮ್ಮ ಮಗೂಗೇ ಏನಾದ್ರೂ ಆಗಿದ್ರೆ ನಮ್ಮಂಥೋರೇ ತಾನೆ ಬರ್ಬೇಕಿತ್ತು? ಒಂದು ಸೆಲ್ಫಿ ತಗೊಳ್ಳೋಣ. ಎಲ್ಲಾ ಸರಿಹೋಯ್ತು ಅಂತ ಹಾಕ್ತೀನಿ."

ಅವನು ಕೈ ಕಿತ್ತುಕೊಂಡು ಪ್ಯಾಂಟಿಗೆ ಒರೆಸಿಕೊಂಡ.

"ಏನಮ್ಮ," ಎಂದ ಪೊಲೀಸಿನವನು ಮೊಬೈಲು ವಾಪಸು ಕೊಡುತ್ತ, "ಯಜಮಾನ್ರಿಗೆ ಇನ್ನೊಂದು ಅಂಗಿ ಇಟ್ಟು ಕಳಿಸ್ಬಾರ್ದಾ? ಬನಿಯನ್ನಲ್ಲಿ ಓಡಾಡಿದ್ರೆ ಯಾರಿಗಾದ್ರೂ ಡೌಟ್ ಬರಲ್ವಾ?" ಎಂದು ನಕ್ಕ. ಹೆಂಡತಿಯೂ ನಕ್ಕಳು. ಭಯ ಇಳಿದ ನಗು, ದೊಡ್ಡವರ ಎದುರು ನಗಬೇಕೆಂದು ನಕ್ಕ ನಗು. ಎಲ್ಲವೂ ಅವನಿಗೆ ಅರ್ಥವಾಯಿತು. ಅರ್ಥವಾದರೂ ಅವಳ ಮುಖ ನೋಡಲಾಗಲಿಲ್ಲ.

ಮನೆಯಲ್ಲಿ ಅವನು ಮುಖಕ್ಕೆ ಸೋಪು ಹಚ್ಚಿ ತೊಳೆದ, ಮತ್ತೆ ಹಚ್ಚಿ ತೊಳೆದ. ಆಮೇಲೆ ಹೆಂಡತಿ ಹುಡುಗಿಗೆ ಸ್ನಾನ ಮಾಡಿಸಲು ಬಚ್ಚಲಿಗೆ ಹೋದಳು. ಟವೆಲು ಮರೆತಿದ್ದಾಳೆಂದು ಕೊಡಲು ಹೋದವನು ಬಾಗಿಲ ಹೊರಗೇ ನಿಂತ. ಒಳಗೆ ನಲ್ಲಿ ನಿಲ್ಲಿಸಿದ ಸದ್ದಾಯಿತು.

"ಕಂದಾ, ಅಮ್ಮನ ಹತ್ರ ನಿಜ ಹೇಳ್ಬೇಕು, ಆಯ್ತಾ? ಅಮ್ಮ ಬೈಯಲ್ಲ."

"ಹೂಂ."

"ಕುಶನ್ ಮಾಮ ಯಾವಾಗ್ಲಾದ್ರೂ... ಅಮ್ಮ ಮನೇಲಿಲ್ದಾಗ... ನಿಂಗೆ ಇಷ್ಟ ಆಗ್ದೆ ಇರೋ ಹಾಗೆ ಏನಾದ್ರೂ ಮಾಡಿದಾರಾ?"

ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

"ಹೂಂ," ಎಂದಳು ಹುಡುಗಿ.

"ಏನು? ಏನ್ ಮಾಡ್ತಾರೆ?"

"ತಲೆ ಬಾಚ್ತಾ ಎಳೀತಾರೆ. ನೋವಾಗುತ್ತೆ. ಬಿಡಿ ಅಂದ್ರೆ ಬಿಡಲ್ಲ, ಸಿಕ್ಕು ಇದೆ ಅಂತಾರೆ."

"ಅಷ್ಟೇನಾ?"

"ಆಮೇಲೆ ಕ್ಯಾಂಡಿ ಕೊಡ್ಸಲ್ಲ."

ಹೆಂಡತಿ ನಗತೊಡಗಿದಳು, ಇಲ್ಲ ಅಳತೊಡಗಿದಳು. ಹೊರಗೆ ನಿಂತವನಿಗೆ ತಿಳಿಯಲಿಲ್ಲ. ಬಾಗಿಲು ತೆರೆದಾಗ ಅವನು ಟವೆಲು ಹಿಡಿದು ಅಲ್ಲೇ ಇದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಕೇಳ್ದೆ ಇರೋಕಾಗುತ್ತಾ ನಂಗೆ? ನೀವೇ ಹೇಳಿ," ಎಂದಳು.

"ಕೇಳ್ಬೇಕಾದ್ದೇ," ಎಂದ ಅವನು. "ನಾನಾಗಿದ್ರೂ ಕೇಳ್ತಿದ್ದೆ."

ಅದು ನಿಜವೇ ಆಗಿತ್ತು. ಆ ನಿಜವೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ತಂದಿತು. ಚೂಯಿಂಗ್ ಗಮ್ಮಿನ ಆ ಹೆಂಗಸು ಅವನ ಮನೆಯೊಳಕ್ಕೇ ಬಂದು ಕೂತಂತಾಗಿತ್ತು. ಅವಳನ್ನು ಒಳಗೆ ಬಿಟ್ಟವರಲ್ಲಿ ಯಾರದೂ ತಪ್ಪಿರಲಿಲ್ಲ.

ವಿಡಿಯೊ ಊರೆಲ್ಲ ತಿರುಗಿತು. ಮೊದಲು ಎಚ್ಚರಿಕೆಯ ಮಾತುಗಳೊಂದಿಗೆ ಬಂತು. ನಿಜ ಸಂಗತಿ ತಿಳಿದ ಮೇಲೆ ತಮಾಷೆಯಾಗಿ ಬಂತು. ಅವನು ಬನಿಯನ್ನಿನಲ್ಲಿ ತತ್ತರಿಸುವ ಜಾಗಕ್ಕೆ ಯಾರೋ ಢಂ ಢಂ ಎಂದು ಸದ್ದು ಸೇರಿಸಿದ್ದರು. ಹುಡುಗಿ "ಕುಶನ್ ಮಾಮ" ಎನ್ನುವುದು ಮತ್ತೆ ಮತ್ತೆ ಬರುವಂತೆ ಮಾಡಿದ್ದರು. ಅವನ ಸೋಫಾ ರಿಪೇರಿ ಅಂಗಡಿಯ ಎದುರಿನ ಬೇಕರಿಯವನು ಅದನ್ನು ಅವನಿಗೇ ತೋರಿಸಿ, "ಫೇಮಸ್ ಆಗ್ಬಿಟ್ಟೆ ಕಣಣ್ಣ," ಎಂದು ಬೆನ್ನು ತಟ್ಟಿದ. ಗಿರಾಕಿಗಳು ಬಟ್ಟೆ ಆರಿಸುತ್ತ ಆರಿಸುತ್ತ, "ಅದು ನೀವೇನಾ?" ಎಂದು ನಗು ತಡೆದುಕೊಂಡು ಕೇಳುತ್ತಿದ್ದರು. ಒಬ್ಬ ಅಜ್ಜಿ ಮಾತ್ರ ನಗಲಿಲ್ಲ. ಮೊಮ್ಮಗಳನ್ನು ಅಂಗಡಿಯೊಳಗೆ ಬಿಡದೆ ಕೈಹಿಡಿದು ಮೆಟ್ಟಿಲ ಮೇಲೆಯೇ ನಿಲ್ಲಿಸಿಕೊಂಡು ಮಾತಾಡಿದಳು. ತಮಾಷೆಗಿಂತ ಅದೇ ಮೇಲು ಎನಿಸಿತು ಅವನಿಗೆ.

ಅವನು ಏನನ್ನೂ ನಿರ್ಧರಿಸಿ ಮಾಡಲಿಲ್ಲ. ಬೆಳಿಗ್ಗೆ ತಲೆ ಬಾಚುವ ಹೊತ್ತಿಗೆ ಅವನಿಗೆ ಬೇರೆ ಕೆಲಸ ನೆನಪಾಗುತ್ತಿತ್ತು. ಹುಡುಗಿ ಟೀವಿ ನೋಡುತ್ತ ಬಂದು ಒರಗಿದರೆ ನೀರು ಕುಡಿಯಲು ಏಳುತ್ತಿದ್ದ. ಸಿಟ್ಟಿರಬೇಕೆಂದು ಹುಡುಗಿ ಎಣಿಸಿದಳು. "ಇನ್ಮೇಲೆ ಕ್ಯಾಂಡಿ ಕೇಳಲ್ಲ," ಎಂದು ಒಂದು ದಿನ ತಾನಾಗಿಯೇ ಹೇಳಿದಳು. "ಛೆ ಛೆ, ಅದಕ್ಕಲ್ಲಮ್ಮ," ಎಂದ.

ಒಂದು ಶನಿವಾರ ಶಾಲೆ ಬೇಗ ಬಿಟ್ಟಿತು. ಅವಳಮ್ಮನಿಗೆ ಓವರ್‌ಟೈಮ್ ಇತ್ತು. ಹುಡುಗಿ ಬ್ಯಾಗು ಹೊತ್ತು ಅಂಗಡಿಗೇ ಬಂದಳು. ಅವನು ಅರ್ಧ ಇಳಿಸಿದ್ದ ಷಟರನ್ನು ಪೂರ್ತಿ ಮೇಲಕ್ಕೆತ್ತಿದ. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಅವಳು ಕೂರಲು ಹೋದಾಗ, "ಅಲ್ಲಿ ಬೇಡ, ಇಲ್ಲಿ ಬೆಳಕಿದೆ," ಎಂದು ಬೀದಿಗೆ ಕಾಣುವಂತೆ ಬಾಗಿಲ ಬಳಿಯಿದ್ದ ಮೂರು ಸೀಟಿನ ಸೋಫಾ ತೋರಿಸಿದ. ಅದಕ್ಕಿನ್ನೂ ಬಟ್ಟೆ ಹೊದಿಸಿರಲಿಲ್ಲ, ಹಳದಿ ಫೋಮು ಹಾಗೇ ಕಾಣುತ್ತಿತ್ತು. ಹುಡುಗಿ ಅದರ ಮೇಲೆ ಕಾಲು ಚಾಚಿ ಪುಸ್ತಕ ತೆರೆದಳು. ಸ್ವಲ್ಪ ಹೊತ್ತಿಗೆ ಪುಸ್ತಕ ಎದೆಯ ಮೇಲೆ ಮಗುಚಿತು. ಬಾಯಿ ತೆರೆದುಕೊಂಡು ನಿದ್ದೆ ಹೋದಳು.

ಅವನು ಒಳಗೆ ಕುರ್ಚಿಯೊಂದಕ್ಕೆ ರೆಕ್ಸಿನ್ ಎಳೆದು ಪಿನ್ನು ಹೊಡೆಯುತ್ತಿದ್ದ. ಬಿಸಿಲು ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ಸೋಫಾದ ಕೈ ಏರಿ ಹುಡುಗಿಯ ಮುಖದ ಮೇಲೆ ಬಿತ್ತು. ಅವಳು ನಿದ್ದೆಯಲ್ಲೇ ಹುಬ್ಬು ಗಂಟಿಕ್ಕಿದಳು. ಹಣೆಯಲ್ಲಿ ಬೆವರು ಮೂಡಿತು.

ಅವನು ಎದ್ದು ಬಂದು ನಿಂತ. ಎದುರಿನ ಬೇಕರಿಯಲ್ಲಿ ನಾಲ್ಕಾರು ಜನ ಚಹಾ ಕುಡಿಯುತ್ತಿದ್ದರು. ಎತ್ತಿಕೊಳ್ಳಲು ಬಗ್ಗಿದವನು ಹಾಗೇ ನೆಟ್ಟಗಾದ. ಆಮೇಲೆ ಸೋಫಾದ ಹಿಂದಕ್ಕೆ ಹೋಗಿ, ಮರದ ಚೌಕಟ್ಟಿನ ಕೆಳಗೆ ಎರಡೂ ಕೈ ಕೊಟ್ಟು, ಸದ್ದಾಗದಂತೆ ಒಂದು ಬದಿ ಎತ್ತಿ ಒಳಕ್ಕೆ ಎಳೆದ. ಇನ್ನೊಂದು ಬದಿಗೆ ಬಂದು ಅದನ್ನೂ ಎಳೆದ. ತೇಗದ ಸೋಫಾ, ಇಬ್ಬರು ಎತ್ತುವಂಥದ್ದು. ಹುಡುಗಿ ಎಚ್ಚರವಾಗಲಿಲ್ಲ. ಕುತ್ತಿಗೆಯ ನರ ಉಬ್ಬಿ, ಉಸಿರು ಬಿಗಿಹಿಡಿದು, ಅವನು ಆ ಬದಿ ಒಮ್ಮೆ ಈ ಬದಿ ಒಮ್ಮೆ ಎಳೆಯುತ್ತಲೇ ಇದ್ದ. ಒಳಗಿನ ನೆರಳು ಮೊದಲು ಅವಳ ಕೂದಲ ಮೇಲೆ ಬಂತು, ಆಮೇಲೆ ಹಣೆಗೆ ಇಳಿಯಿತು, ಆಮೇಲೆ ಮುಚ್ಚಿದ ಕಣ್ಣುಗಳಿಗೆ.