ಉಪ್ಪಿನ ಗಣಿಗೆ ಒಂದು ಶುಕ್ರವಾರ

ನನ್ನ ಗಂಡ ಬೋಜ ಗಲ್ಫಿಗೆ ಹೋಗಿ ರುಸೈಲಿನ ಪೈಪ್ ಫ್ಯಾಕ್ಟರಿಗೆ ಸೇರಿ ಹನ್ನೊಂದು ವರ್ಷ. ಅಷ್ಟು ವರ್ಷವೂ ಶುಕ್ರವಾರ ಸಂಜೆ ಫೋನ್ ಬರುವುದು ತಪ್ಪಿದ್ದಿಲ್ಲ. ನಾನು ಬಂಟ್ವಾಳದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ, ಬೀಡಿ ಕಟ್ಟುತ್ತ ಕೇಳುವವಳು. ಬೇರೆ ದಿನ ಎರಡು ಮಾತು, ಶುಕ್ರವಾರ ಮಾತ್ರ ಉದ್ದದ ಕಥೆ. ಅಂದು ಇವರಿಗೆ ರಜೆಯಂತೆ, ತಿರುಗಲು ಹೋಗುತ್ತಾರಂತೆ. ಒಂದು ವಾರ ಖುರುಮಿನ ಬೀಚು, ಇನ್ನೊಂದು ವಾರ ಸಹಮಿನ ತೋಟ. ಎಲ್ಲಕ್ಕಿಂತ ನನ್ನ ತಲೆಗೆ ಹತ್ತಿದ್ದು ಉಪ್ಪಿನ ಗಣಿ.

ಆದಮ್ ಎಂಬ ಊರು ದಾಟಿ, ಮರುಭೂಮಿಯ ನಡುವೆ ಒಂದು ಗುಡ್ಡವಂತೆ. ಹಿಂದಿನವರು ಅದರ ಒಳಗೆ ಕೊರೆದು ಉಪ್ಪು ತೆಗೆದು ಒಂಟೆಗಳ ಮೇಲೆ ಹೇರಿಕೊಂಡು ಹೋಗುತ್ತಿದ್ದರಂತೆ. ಈಗ ಒಳಗೆ ಚಂದದ ಮೆಟ್ಟಿಲು, ಉಪ್ಪಿನಿಂದಲೇ ಮಾಡಿದ ಗೊಂಚಲು ದೀಪಗಳು, ಅಡಿಯಲ್ಲಿ ಒಂದು ಕೆರೆ. “ಗೋಡೆ ನೆಕ್ಕಿ ನೋಡಿದ್ರಾ?” ಎಂದು ಕೇಳಿದ್ದೆ. “ನೆಕ್ಕಿದೆ. ನಮ್ಮ ಕಲ್ಲುಪ್ಪಿನ ಹಾಗೆಯೇ, ಸ್ವಲ್ಪ ಕಹಿ” ಅಂದಿದ್ದರು. ಆ ಕಹಿಗೆ ನಾನು ಮರುಳಾದದ್ದು.

ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. “ನೀವು ತಿರುಗಿ ಮಾರಾಯ್ರೆ, ನನಗೆ ಇದೇ ಎಲೆ, ಇದೇ ಹೊಗೆಸೊಪ್ಪು” ಎಂದು ಚುಚ್ಚುತ್ತಿದ್ದೆ. “ಒಂದು ದಿನ ನಿನ್ನನ್ನೂ ಕರ್ಕೊಂಡು ಹೋಗ್ತೇನೆ ಸ್ವರ್ಣ” ಎಂದು ಇವರು ನಗುತ್ತಿದ್ದರು. ಎಲೆ ಕತ್ತರಿಸುವಾಗ, ಬೀಡಿ ಕಟ್ಟು ಹಿಡಿದು ಕಂಪನಿಯ ಬ್ರಾಂಚಿಗೆ ನಡೆಯುವಾಗ, ನಾವಿಬ್ಬರೂ ಆ ದೀಪಗಳ ಕೆಳಗೆ ಒಟ್ಟಿಗೆ ಹೋಗುವುದೇ ಕಣ್ಣಿಗೆ ಕಟ್ಟುತ್ತಿತ್ತು. ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ಸಿಗುವ ಗಂಡ. ಬೇರೇನು ನೆನೆಸಿಕೊಳ್ಳಲಿ?

ಆ ಒಂದು ದಿನ ಈ ಜನವರಿಯಲ್ಲಿ ಬಂತು. ಇವರ ಸ್ನೇಹಿತ ಶೈಲೇಶ್ ಸಂಸಾರ ಸಮೇತ ರಜೆಯಲ್ಲಿ ಊರಿಗೆ ಹೊರಟವನು ಸೀಬ್ ಎಂಬಲ್ಲಿನ ತನ್ನ ಫ್ಲ್ಯಾಟಿನ ಕೀ ಇವರ ಕೈಗೆ ಕೊಟ್ಟ. ನನಗೆ ಎರಡು ವಾರದ ವಿಸಿಟ್ ವೀಸಾ. ಶನಿವಾರ ಬಂದಿಳಿದೆ, ವಾಪಸು ವಿಮಾನವೂ ಶನಿವಾರ ಬೆಳಿಗ್ಗೆಯೇ. ನಡುವೆ ಇದ್ದದ್ದು ಎರಡು ಶುಕ್ರವಾರ. ಮೊದಲನೆಯ ಶುಕ್ರವಾರ “ಕಂಟೇನರ್ ಲೋಡಿಂಗ್ ಉಂಟು” ಎಂದು ಇವರು ಡ್ಯೂಟಿಗೆ ಹೋದರು. ಉಳಿದದ್ದು ಒಂದೇ.

ಆ ಒಂದಕ್ಕೆ ನಾನು ಮಾಡಿದ ತಯಾರಿ ಮದುವೆ ಮನೆಯವರೂ ಮಾಡಲಿಕ್ಕಿಲ್ಲ. ಕಾರು ಮಹ್ರೂಫನದ್ದು. ನಮ್ಮ ಊರಿನ ಕಡೆಯವನೇ, ಇಲ್ಲಿ ತರಕಾರಿ ಅಂಗಡಿ ಇಟ್ಟಿದ್ದಾನೆ. “ನಾನು ಬೆಳಗಿನ ಸುಬಹಿ ನಮಾಜು ಮುಗಿಸಿ ಬರ್ತೇನೆ ಅಕ್ಕ. ಒಂಬತ್ತೂವರೆಗೆ ಗಣಿ, ವಾಪಸು ಬರುವಾಗ ಆದಮಿನಲ್ಲಿ ಜುಮಾ ನಮಾಜು. ನೀವು ತಡ ಮಾಡ್ಲಿಕ್ಕಿಲ್ಲ, ಕೂಗಿದ ಕೂಡಲೇ ಯಲ್ಲಾ ಅಂತ ಇಳೀಬೇಕು” ಎಂದ. ನೀರುದೋಸೆ ಕಟ್ಟಿಕೊಂಡು ಹೋದರೆ ಒಂದಕ್ಕೊಂದು ಅಂಟುತ್ತದೆ, ಅದಕ್ಕೆ ಅಕ್ಕಿಯ ಉಂಡೆ ಪುಂಡಿ ಬೇಯಿಸುವುದೆಂದು ನಿಶ್ಚಯಿಸಿದೆ, ಜೊತೆಗೆ ಗಟ್ಟಿ ಚಟ್ನಿ. ದೀಪದ ಬೆಳಕಿಗೆ ಚಂದ ಕಾಣಲೆಂದು ಜರಿಯ ಸೀರೆ ಇಸ್ತ್ರಿ ಮಾಡಿಟ್ಟೆ. ಬೀಡಿ ಬ್ರಾಂಚಿನ ಹೆಂಗಸರಿಗೆ ಉಪ್ಪಿನ ತುಂಡು ತರುತ್ತೇನೆಂದು ಜಂಬ ಕೊಚ್ಚಿ ಬಂದಿದ್ದೆನಲ್ಲ, ಅದಕ್ಕೆ ಒಂದು ಸ್ಟೀಲ್ ಡಬ್ಬಿ. ಇವರು ಮಾತ್ರ ಎಲ್ಲದಕ್ಕೂ ಹೂಂ ಹೂಂ ಎನ್ನುತ್ತಿದ್ದರು. ಉತ್ಸಾಹವೇ ಇಲ್ಲ. ನೋಡಿದ ಜಾಗವಲ್ಲವಾ, ಬೇಸರ ಬಂದಿರಬೇಕು ಅಂದುಕೊಂಡೆ.

ಬುಧವಾರ ಸಂಜೆ ಇವರ ಸೂಪರ್‌ವೈಸರ್ ಕ್ಲಾರೆನ್ಸ್ ನಮ್ಮನ್ನು ಚಹಾಕ್ಕೆ ಕರೆದರು. ಅವರ ಹೆಂಡತಿ ಬೀಟ್ರಿಸ್ ಬಾಯಿ ಪಾಪ, ಅಕ್ಕನ ಹಾಗೆ ಕೈ ಹಿಡಿದು ಕೂರಿಸಿದರು. ನನಗೆ ಬಾಯಿ ಸುಮ್ಮನಿರುವುದಿಲ್ಲ. ಶುಕ್ರವಾರದ ಯೋಜನೆ ಹೇಳಿದೆ, ಗೊಂಚಲು ದೀಪ ಹೇಳಿದೆ, ಕೆರೆ ಹೇಳಿದೆ.

ಕ್ಲಾರೆನ್ಸ್ ಚಹಾದ ಲೋಟ ಕೆಳಗಿಟ್ಟು ನಕ್ಕರು. “ಅಲ್ಲಿ ಎಂತ ದೀಪ! ನಾವು ಹೋದ ವರ್ಷ ಟಾರ್ಚ್ ಹಿಡ್ಕೊಂಡು ಹೋದದ್ದು. ಕಲ್ಲುಮಣ್ಣಿನ ಇಳಿಜಾರು, ಒಳಗೆ ಗವ್ವೆನ್ನುವ ಕತ್ತಲೆ. ನೀವು ಹೇಳುದು ಯೂರೋಪಿನ ಯಾವುದೋ ಗಣಿ, ಅದರ ವಿಡಿಯೊ ಫ್ಯಾಕ್ಟರಿ ಗ್ರೂಪಿನಲ್ಲಿ ಬಂದಿತ್ತು.”

“ಇವರು ಹೋಗಿ ನೋಡಿದ್ದಾರಲ್ಲ?” ಅಂದೆ.

“ಬೋಜನಾ? ಒಂದು ಶುಕ್ರವಾರ ಇವ ರಜೆ ಮಾಡಿದ್ದುಂಟಾ? ಓವರ್‌ಟೈಮಿಗೆ ಮೊದಲ ಹೆಸರು ಇವನದ್ದೇ. ಈ ವಾರ ರಜೆ ಕೇಳಿದಾಗ ಮೈ ಹುಷಾರುಂಟಾ ಅಂತ ಕೇಳಿದ್ದೆ ನಾನು.”

ಬೀಟ್ರಿಸ್ ಬಾಯಿ ಗಂಡನಿಗೆ ಕಣ್ಣು ಮಾಡಿದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಇವರು ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಪುಡಿ ಮಾಡುತ್ತಿದ್ದರು.

ಫ್ಲ್ಯಾಟಿನ ಬಾಗಿಲು ಹಾಕಿದ್ದೇ ತಡ, ದಾರಿಯುದ್ದಕ್ಕೂ ಹಿಡಿದದ್ದೆಲ್ಲ ಹೊರಗೆ ಬಂತು. “ಹನ್ನೊಂದು ವರ್ಷ ನನ್ನನ್ನು ಮಂಗ ಮಾಡಿದ್ರಲ್ಲ! ನಾನು ಇಲ್ಲದೆ ಖುಷಿಯಾಗಿ ತಿರುಗ್ತಾರೆ ಅಂತ ನಾನು ಅಲ್ಲಿ ಎಷ್ಟು ಸಲ ಅತ್ತಿದ್ದೇನೆ ಗೊತ್ತುಂಟಾ? ನೀವು ಇಲ್ಲಿ ಎಲುಬು ಮುರಿದು ದುಡಿಯುದು, ನಾನು ಅಲ್ಲಿ ನಿಮ್ಮ ಮೇಲೆ ಉರಿಯುದು! ನಿಜ ಹೇಳಿದ್ರೆ ನಿಮ್ಮ ಗಂಟು ಎಂತ ಹೋಗ್ತಿತ್ತು?”

ಇವರು ಶೂ ಬಿಚ್ಚದೆ ಬಾಗಿಲ ಹತ್ತಿರವೇ ನಿಂತಿದ್ದರು. “ಮೊದಮೊದಲು ನಿಜವನ್ನೇ ಹೇಳಿದ್ದಲ್ವಾ ಸ್ವರ್ಣ. ಇವತ್ತು ಇಷ್ಟು ಪೈಪ್ ಆಯ್ತು, ಮೆಷಿನ್ ಕೆಟ್ಟಿತು ಅಂತ. ನೀನು ಎರಡು ನಿಮಿಷಕ್ಕೆ ‘ಸರಿ, ಇಡ್ತೇನೆ’ ಅಂತಿದ್ದೆ. ಒಂದು ಸಲ ಬೀಚಿಗೆ ಹೋದೆ ಅಂತ ಸುಮ್ಮನೆ ಹೇಳಿದೆ. ನೀನು ಅದೆಂತ, ಇದೆಂತ ಅಂತ ಅರ್ಧ ಗಂಟೆ ಕೇಳಿದೆ.” ಬಗ್ಗಿ ಶೂವಿನ ಲೇಸಿಗೆ ಕೈ ಹಾಕುತ್ತ ಹೇಳಿದರು, “ನನಗೆ ಆ ಅರ್ಧ ಗಂಟೆ ಬೇಕಿತ್ತು.”

ಬೈಯಲು ಇನ್ನೂ ಬೇಕಾದಷ್ಟಿತ್ತು ನನ್ನ ಹತ್ತಿರ. ಅದನ್ನೆಲ್ಲ ಅಲ್ಲೇ ಬಿಟ್ಟೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಸಾಕಾಗುವಷ್ಟು ಅತ್ತೆ. ಹೌದು, ನಾನು ಫೋನ್ ಇಡುತ್ತಿದ್ದೆ. ಬೀಡಿಯ ಲೆಕ್ಕ ತಪ್ಪುತ್ತದೆಂದು ಇಡುತ್ತಿದ್ದೆ. ಮೆಷಿನ್ ಕೆಟ್ಟಾಗ ಇವರ ಊಟಕ್ಕೆ ಎಷ್ಟು ಹೊತ್ತಾಯಿತೆಂದು ಒಂದು ದಿನವೂ ಕೇಳಿದವಳಲ್ಲ. ಮುಖ ಒರೆಸಿಕೊಂಡು ಬಂದು, “ಶುಕ್ರವಾರ ಹೋಗುವ. ಇಬ್ಬರೂ ಹೊಸಬರು, ಟಾರ್ಚ್ ಹಿಡ್ಕೊಂಡು ಹೋಗುವ” ಅಂದೆ. ಇವರ ಮುಖ ಆಗ ಅರಳಿತು.

ಗುರುವಾರ ಸಂಜೆ ಇವರು ಕೆಲಸ ಮುಗಿಸಿ ಬಂದು ಸೋಫಾದಲ್ಲಿ ಕೂತು ಶೂ ಬಿಚ್ಚತೊಡಗಿದರು. ನಾನು ಚಹಾ ತರುವಷ್ಟರಲ್ಲಿ ಒಂದು ಶೂ ಕಾಲಲ್ಲೇ ಇತ್ತು, ಇವರು ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಹತ್ತಿರದಿಂದ ನೋಡಿದೆ. ಕಿವಿಯ ಪಕ್ಕದ ಕೂದಲು ಪೂರ್ತಿ ಬೆಳ್ಳಗಾಗಿದೆ, ಬೆರಳುಗಳ ಸಂದಿ ಒಡೆದಿದೆ. ಐದೂವರೆಗೆ ಇವರನ್ನು ಎಬ್ಬಿಸಿ, ಹೋಗಲಿಕ್ಕೆ ನಾಲ್ಕು ಗಂಟೆ, ಬರಲಿಕ್ಕೆ ನಾಲ್ಕು ಗಂಟೆ ಕಾರಿನಲ್ಲಿ ಕುಲುಕಿಸಲಿಕ್ಕೆ ನನಗೆ ಮನಸ್ಸಾಗಲಿಲ್ಲ. ಗಣಿಯ ಆಸೆ ಹೋಯಿತೆಂದಲ್ಲ. ಟಾರ್ಚಿನ ಬೆಳಕಾದರೂ ಸಾಕು, ಒಮ್ಮೆ ಇವರ ಜೊತೆ ಒಳಗೆ ಹೋಗಬೇಕೆಂದು ಇದ್ದೇ ಇತ್ತು. ಆದರೂ ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋಗಿ, “ಮಹ್ರೂಫ್, ನಾಳೆ ಬೇಡಪ್ಪ. ಖಲಾಸ್” ಅಂದೆ. “ಎಂತಾಯ್ತು ಅಕ್ಕ?” ಎಂದು ಕೇಳಿದ. “ಎಂತ ಆಗ್ಲಿಲ್ಲ, ನಿನ್ನ ಅಣ್ಣ ಮಲಗಿದ್ದಾರೆ” ಎಂದೆ.

ಶುಕ್ರವಾರ ಎಂಟು ಗಂಟೆಗೆ ಇವರು ಗಡಬಡಿಸಿ ಎದ್ದು ಕೂತರು. “ಬಿಸಿಲು ಬಂತಲ್ಲ! ಮಹ್ರೂಫ್ ಎಲ್ಲಿ?”

“ನಾನೇ ಬೇಡ ಅಂದೆ.”

“ಎಂತ ಮಾಡಿದ್ದು ನೀನು! ಅದನ್ನು ನೋಡ್ಲಿಕ್ಕೆ ಅಲ್ವಾ ಇಷ್ಟು ದೂರ ಬಂದದ್ದು?”

“ಹಾಗಂತ ಯಾರು ಹೇಳಿದ್ದು ಮಾರಾಯ್ರೆ? ನಾನು ನಿಮ್ಮನ್ನು ನೋಡ್ಲಿಕ್ಕೆ ಬಂದದ್ದು. ಮಲಗಿ.”

ಕಣ್ಣು ತುಂಬಿದ್ದು ನನಗೆ ಕಾಣಬಾರದೆಂದು ಇವರು ಗೋಡೆಯ ಕಡೆಗೆ ತಿರುಗಿ ಮಲಗಿದರು. ಹಾಗೆಯೇ ಕೈ ಹಿಂದೆ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು.

“ನಾಳೆ ಈ ಹೊತ್ತಿಗೆ ನೀನು ವಿಮಾನದಲ್ಲಿ” ಅಂದರು.

“ಗೊತ್ತುಂಟು. ಮಲಗಿ.”

ಇವರಿಗೆ ನಿದ್ದೆ ಹತ್ತಿತು. ನಾನು ಮಲಗಲಿಲ್ಲ. ನನಗೆ ಇದ್ದ ಒಂದು ಶುಕ್ರವಾರವನ್ನು ನಿದ್ದೆಯಲ್ಲಿ ಕಳೆಯಲಿಕ್ಕೆ ಮನಸ್ಸು ಬರಲಿಲ್ಲ.