ಉಳುಕಿಗೆ ಸೊಸೆಯ ಒದೆ

ಎಪ್ಪತ್ತನಾಲ್ಕನೇ ಇಸವಿಯಲ್ಲಿ ರಾಜಾಜಿನಗರದ ಬೀದಿ ನಲ್ಲಿಯಿಂದ ತುಂಬಿದ ಕೊಡ ಎತ್ತುವಾಗ ನಮ್ಮಮ್ಮ ನೀಲಗಂಗಮ್ಮನವರ ಸೊಂಟ ಉಳುಕಿತು. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವರು ಮೂಸಿಯೂ ನೋಡಲಿಲ್ಲ. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಒದ್ದರೆ ಮಾತ್ರ ಉಳುಕು ಬಿಡುತ್ತದೆ ಅನ್ನೋದು ಅವರ ಹಟ. ಅಂಥವರನ್ನು ಎಲ್ಲಿಂದ ಹುಡುಕಿ ತರಲಿ ಅಂತ ನಾನು ರೇಗಿದೆ.

"ನಾನು ಹುಟ್ಟಿದ್ದು ಹಾಗೇ, ಅತ್ತೆ," ಅಂದಳು ನನ್ನ ಹೆಂಡತಿ ಜಗದಾಂಬಾ, ತಲೆ ತಗ್ಗಿಸಿಕೊಂಡು.

ಅಮ್ಮ ಗೋಡೆ ಹಿಡಿದು ನಿಂತರು. ಜಗದಾಂಬಾ ಸೆರಗು ಸಿಕ್ಕಿಸಿಕೊಂಡು ಒದ್ದಳು. ಭಕ್ತಿಯಿಂದ ಅತ್ತೆಯ ಕಾಲಿಗೆ ಬಿದ್ದಳು. ಎದ್ದು ಮತ್ತೆ ಒದ್ದಳು. ಮರುದಿನ ಅಮ್ಮ ತಾವೇ ಕೊಡ ಹೊತ್ತು ತಂದರು, ಬೀದಿಗೆಲ್ಲ ಸೊಸೆಯ ಕಾಲ್ಗುಣ ಹೊಗಳಿದರು.

ಹಬ್ಬಕ್ಕೆ ಕೆಂಗೇರಿಯಿಂದ ಜಗದಾಂಬಾಳ ತಾಯಿ ಬಂದಾಗ ಅವರ ಮುಂದೆಯೂ ಹೊಗಳಿದರು.

"ಇವಳಾ? ಕಾಲು ಮುಂದಾಗಿ ಹುಟ್ಟಿದ್ದು ಇವಳ ತಂಗಿ ಅಲ್ವಾ!" ಅಂದುಬಿಟ್ಟರು ಆ ಪುಣ್ಯಾತ್ಗಿತ್ತಿ.

ಅಮ್ಮ ನಗುತ್ತಲೇ ಬೀಗಿತ್ತಿಗೆ ಇನ್ನೊಂದು ಹೋಳಿಗೆ ಬಡಿಸಿದರು. ನನಗೆ ಅದೇ ಭಯ. ಮುಂದಿನ ವಾರ ಬಟ್ಟೆ ಒಗೆಯುವಾಗ ಜಗದಾಂಬಾಳ ಸೊಂಟ ಹಿಡಿದುಕೊಂಡಿತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಗೋಡೆ ಹಿಡ್ಕೊಂಡು ನಿಂತ್ಕೋ ಕಣೇ. ನಾನೂ ನಿನ್ನ ಹಾಗೇ ಹುಟ್ಟಿದವಳು!"